ನೆತ್ತಿಯ ಮೇಲಿನ ಗೆರೆಗಳು

ನಮ್ಮ ಸರ್ವೇಯಿಂಗ್ ಪುಸ್ತಕದಲ್ಲಿ ಆಕಾಶದ ಚಿತ್ರವೊಂದಿದೆ. ಒಂದು ಗೋಳ, ಅದಕ್ಕೆ ಬಳೆ ತೊಡಿಸಿದ ಹಾಗೆ ನಾಲ್ಕು ವೃತ್ತಗಳು: ಹೊರೈಜನ್, ಮೆರಿಡಿಯನ್, ಸೆಲೆಸ್ಟಿಯಲ್ ಈಕ್ವೇಟರ್, ಎಕ್ಲಿಪ್ಟಿಕ್. ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂನಲ್ಲೇ ಓದಿದ ನಮಗೆ ನಾಲ್ಕರ ಡೆಫಿನಿಷನ್ನೂ ಬಾಯಿಪಾಠ. ಪರೀಕ್ಷೆಗೆ ಅಷ್ಟು ಸಾಕು.

ಕಳೆದ ಏಪ್ರಿಲ್ 24ರಂದು ಈ ಗೆರೆಗಳು ಪುಸ್ತಕ ಬಿಟ್ಟು ಕೆಳಗಿಳಿದವು. ಬೆಂಗಳೂರಿನಲ್ಲಿ ಅವತ್ತು ಶೂನ್ಯ ನೆರಳಿನ ದಿನ. ಹಾಸ್ಟೆಲ್ ಟೆರೇಸಿನಲ್ಲಿ ಗೇಣುದ್ದದ ಪಿವಿಸಿ ಪೈಪ್ ನೆಟ್ಟಗೆ ನಿಲ್ಲಿಸಿ ಕಾದೆವು. ಮಧ್ಯಾಹ್ನ 12:17ರ ಹೊತ್ತಿಗೆ ನೆರಳು ಪೈಪಿನ ಬುಡದಲ್ಲೇ ಅಡಗಿತು.

ಲೆಕ್ಕ ಸುಲಭ. ಭೂಮಧ್ಯರೇಖೆಯನ್ನು ಆಕಾಶದವರೆಗೂ ಹಿಗ್ಗಿಸಿದರೆ ಸೆಲೆಸ್ಟಿಯಲ್ ಈಕ್ವೇಟರ್. ಬೆಂಗಳೂರು 13 ಡಿಗ್ರಿ ಉತ್ತರದಲ್ಲಿರೋದರಿಂದ ಆ ವೃತ್ತ ನಮ್ಮ ನೆತ್ತಿಯಿಂದ 13 ಡಿಗ್ರಿ ದಕ್ಷಿಣಕ್ಕೆ ಹಾದುಹೋಗುತ್ತೆ. ಸೂರ್ಯನ ದಾರಿ ಎಕ್ಲಿಪ್ಟಿಕ್. ಅದು ಈಕ್ವೇಟರ್‌ಗೆ ಸುಮಾರು 23.5 ಡಿಗ್ರಿ ಓರೆ. ಮಾರ್ಚ್‌ನಲ್ಲಿ ಈಕ್ವೇಟರ್ ದಾಟಿದ ಸೂರ್ಯ ಉತ್ತರಕ್ಕೆ ಸರಿಯುತ್ತಾ ಏಪ್ರಿಲ್ ಕೊನೆಗೆ ನಮ್ಮ ನೆತ್ತಿ ಮುಟ್ಟುತ್ತಾನೆ. ವಾಪಸ್ ಹೋಗುವಾಗ, ಆಗಸ್ಟ್‌ನಲ್ಲಿ, ಇನ್ನೊಂದು ಸಲ.

ನಮ್ಮ ರೂಮಿನ ಬೀದರ್ ಹುಡುಗ ಫೋಟೊ ಮನೆಗೆ ಕಳಿಸಿದ. ಅವರಪ್ಪನ ಫೋನ್ ಬಂತು: "ನಮ್ಮಲ್ಲಿ ನೆರಳು ಹಂಗೇ ಅದಲ್ಲೋ?" ವಿವರಿಸಲು ಹೊರಟರೆ ಬಾಯಿಪಾಠದ ಇಂಗ್ಲಿಷ್ ಒಂದೂ ಕೆಲಸಕ್ಕೆ ಬರಲಿಲ್ಲ. ನಿಘಂಟು ತೆಗೆದೆವು. ಕ್ಷಿತಿಜ, ಯಾಮ್ಯೋತ್ತರ ವೃತ್ತ, ವಿಷುವದ್ವೃತ್ತ, ಕ್ರಾಂತಿವೃತ್ತ. ಒಂದೊಂದೇ ಹೇಳುತ್ತಾ ಬಂದಾಗ ಅವರು ಕೇಳಿದರು, "ಈ ಕ್ರಾಂತಿ ಅಂದ್ರ ಸಂಕ್ರಾಂತಿಯಾಗಿನ ಕ್ರಾಂತೀನೇ ಏನು?"

ನಾವು ಮುಖ ಮುಖ ನೋಡಿಕೊಂಡೆವು. ಹೌದು, ಎರಡರಲ್ಲೂ ಇರೋದು ಹೆಜ್ಜೆ ಇಡುವ, ದಾಟುವ ಅರ್ಥವೇ. ಸೂರ್ಯ ಒಂದು ರಾಶಿಯಿಂದ ಇನ್ನೊಂದಕ್ಕೆ ದಾಟಿದರೆ ಸಂಕ್ರಾಂತಿ, ಅವನು ಹೆಜ್ಜೆ ಹಾಕುವ ದಾರಿ ಕ್ರಾಂತಿವೃತ್ತ. ಎಕ್ಲಿಪ್ಟಿಕ್ ಅನ್ನುವಾಗ ನಮಗೆ ಬರೀ ಓರೆ ಗೆರೆ ಕಾಣುತ್ತಿತ್ತು. ಅವರಿಗೆ ನಡೆಯುವ ಸೂರ್ಯ ಕಂಡ. ಉಳಿದದ್ದು ಹೇಳಲು ಎರಡೇ ನಿಮಿಷ ಸಾಕಾಯಿತು. ಬೀದರ್ ಸುಮಾರು 18 ಡಿಗ್ರಿ ಉತ್ತರ. ಸೂರ್ಯ ಇನ್ನೂ ಐದು ಡಿಗ್ರಿ ಏರಬೇಕು, ಮೇ ಎರಡನೇ ವಾರ ನೋಡಿ ಅಂದೆವು. ಅವರು ಅಂಗಳದಲ್ಲಿ ಕೋಲು ನೆಟ್ಟರು. ಆ ವಾರ ನೆರಳಿಲ್ಲದ ಕೋಲಿನ ಫೋಟೊ ಅವರಿಂದಲೇ ಬಂತು.

ಕ್ಷಿತಿಜ, ಯಾಮ್ಯೋತ್ತರ ವೃತ್ತ ನಾವು ಹೋದಲ್ಲೆಲ್ಲಾ ನಮ್ಮ ಜೊತೆ ಬರುತ್ತವೆ, ಊರೂರಿಗೂ ಬೇರೆ. ವಿಷುವದ್ವೃತ್ತ, ಕ್ರಾಂತಿವೃತ್ತ ಮಾತ್ರ ಬೀದರಿಗೂ ಬೆಂಗಳೂರಿಗೂ ಒಂದೇ. ನಿಮ್ಮೂರಿನ ಅಕ್ಷಾಂಶ ನೋಡಿ, ನೆರಳಿಲ್ಲದ ದಿನ ಲೆಕ್ಕ ಹಾಕಿ, ಮನೆಗೆ ಫೋನ್ ಮಾಡಿ ಹೇಳಿ. ಕನ್ನಡದಲ್ಲೇ ಹೇಳಿ. ಅವರು ತಿರುಗಿ ಒಂದು ಪ್ರಶ್ನೆ ಕೇಳೇ ಕೇಳುತ್ತಾರೆ. ಅದು ನಮ್ಮ ಸಿಲಬಸ್ಸಿನಲ್ಲಿ ಇರೋದಿಲ್ಲ.