ಬ್ಲ್ಯಾಕ್‌ಪೂಲಿನ ಶನಿವಾರದ ರಾತ್ರಿ

ಇಂಗ್ಲೆಂಡಿನ ವಾಯವ್ಯ ಕರಾವಳಿಯಲ್ಲಿ, ಐರಿಷ್ ಸಮುದ್ರಕ್ಕೆ ಮೊಗಮಾಡಿ, ಬ್ಲ್ಯಾಕ್‌ಪೂಲ್ ಎಂಬ ಪಟ್ಟಣವುಂಟು. ತಮ್ಮನ್ನು ರಸಿಕರೆಂದು ಎಣಿಸಿಕೊಂಡ ಆಂಗ್ಲರು ಅದರ ಹೆಸರೆತ್ತಿದಾಗ ತುಸು ನಗುವುದು ವಾಡಿಕೆ. ಪ್ಯಾರಿಸಿನ ಐಫೆಲ್ ಗೋಪುರದ ಮಾದರಿಯನ್ನು ನೋಡಿ ೧೮೯೪ರಲ್ಲಿ ಕಟ್ಟಿದ ೫೧೮ ಅಡಿಯ ಗೋಪುರ, ಕಡಲೊಳಕ್ಕೆ ಚಾಚಿಕೊಂಡ ಮೂರು ಕಟ್ಟೆಗಳು, ಎಲ್ಲಿ ಮುರಿದರೂ ಊರಿನ ಹೆಸರೇ ಕಾಣುವ ಸಕ್ಕರೆಯ ಕಡ್ಡಿ, ಶರತ್ಕಾಲದಲ್ಲಿ ತೀರದುದ್ದಕ್ಕೂ ಉರಿಯುವ ಬಣ್ಣಬಣ್ಣದ ದೀಪಗಳು: ಇವೆಲ್ಲ ಜಾತ್ರೆಯ ಸೊಗಸೇ ಹೊರತು ನಾಗರಿಕರ ಸೊಗಸಲ್ಲವೆಂದು ಅವರ ಮತ. ಮತವು ಸುಳ್ಳೆಂದು ಹೇಳುವಂತಿಲ್ಲ. ಆದರೆ ಜಾತ್ರೆಯಲ್ಲಿ ಸೊಗಸಿಲ್ಲವೆಂದವರಾರು?

೧೯೭೦ರ ದಶಕದಲ್ಲಿ ಒಂದು ಶನಿವಾರದ ಸಂಜೆ ಆ ದೀಪಗಳಿಗೆ ಬೆನ್ನು ಹಾಕಿ, ಊರೊಳಗಿನ ಸೆಂಟ್ರಲ್ ಡ್ರೈವ್ ಎಂಬ ಬೀದಿಯನ್ನು ಹಿಡಿದು ನಡೆದವರಿಗೆ ಬೇರೊಂದು ನೋಟ ಕಾಣುತ್ತಿತ್ತು. ಹತ್ತೂ ದಿಕ್ಕಿನ ಊರುಗಳಿಂದ ಬಂದ ತರುಣ ತರುಣಿಯರು, ಕೈಯಲ್ಲೊಂದು ಚೀಲವನ್ನು ಹಿಡಿದು, ಮೆಕ್ಕಾ ಎಂಬ ದೊಡ್ಡ ನೃತ್ಯಮಂದಿರದ ಬಾಗಿಲಿಗೆ ಗುಂಪುಗುಂಪಾಗಿ ಸೇರುತ್ತಿದ್ದರು. (ಹೆಸರು ಕೇಳಿ ಯಾರೂ ಬೆಚ್ಚಬೇಕಾಗಿಲ್ಲ, ಆ ದೇಶದ ಊರೂರುಗಳಲ್ಲಿ ಕುಣಿತದ ಮನೆಗಳನ್ನು ನಡೆಸುತ್ತಿದ್ದ ಕಂಪನಿಯೊಂದರ ಹೆಸರದು.) ಕೆಳಗಿನ ದೊಡ್ಡ ಸಭಾಂಗಣದಲ್ಲಿ ಜಗತ್ತೆಲ್ಲ ಕೇಳುತ್ತಿದ್ದ ಹಾಡುಗಳಿಗೆ ಜನ ಕುಣಿಯುತ್ತಿದ್ದರು. ಈ ಚೀಲದ ಮಂದಿ ಅತ್ತ ಕಣ್ಣೆತ್ತಿಯೂ ನೋಡದೆ ಮಹಡಿಯನ್ನೇರಿ, ‘ಹೈಲ್ಯಾಂಡ್ ರೂಮ್’ ಎಂಬ ಪಕ್ಕದ ಕೋಣೆಯನ್ನು ಹೊಗುತ್ತಿದ್ದರು. ಅಲ್ಲಿ ಕೇಳಿಬರುತ್ತಿದ್ದ ಹಾಡುಗಳನ್ನು ಜಗತ್ತು ಕೇಳಿರಲಿಲ್ಲ. ಕೇಳಿದ್ದ ಕೆಲವರು ಎಂದೋ ಮರೆತಿದ್ದರು.

ಈ ಜನ ಯಾರು, ಈ ಊರಿಗೇ ಏಕೆ ಬಂದರು ಎಂಬುದನ್ನು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಬ್ಲ್ಯಾಕ್‌ಪೂಲಿನ ಬೆನ್ನಿಗಿರುವ ಲ್ಯಾಂಕಶೈರ್ ಪ್ರಾಂತವು ಹತ್ತಿಯ ಗಿರಣಿಗಳ ನಾಡಾಗಿತ್ತು. ಅಲ್ಲಿಯ ಒಂದೊಂದು ಊರೂ ಬೇಸಗೆಯಲ್ಲಿ ಒಂದು ವಾರ ಗಿರಣಿಗಳನ್ನೆಲ್ಲ ಮುಚ್ಚುವ ಪದ್ಧತಿಯಿತ್ತು. ಅದಕ್ಕೆ ‘ವೇಕ್ಸ್’ ಎಂದು ಹೆಸರು; ಮೂಲದಲ್ಲಿ ಅದು ಊರ ದೇವಾಲಯದ ಉತ್ಸವ, ಎಂದರೆ ನಮ್ಮ ಜಾತ್ರೆಯೇ. ೧೮೪೬ರಲ್ಲಿ ರೈಲು ಕಡಲತೀರವನ್ನು ಮುಟ್ಟಿದ ಮೇಲೆ ಜಾತ್ರೆಯು ಊರನ್ನು ಬಿಟ್ಟು ಬ್ಲ್ಯಾಕ್‌ಪೂಲಿಗೆ ಹೊರಟಿತು. ಈ ವಾರ ಒಂದು ಊರು, ಮುಂದಿನ ವಾರ ಇನ್ನೊಂದು ಊರು. ಓಣಿಯ ನೆರೆಹೊರೆಯವರೆಲ್ಲ ಕಡಲಂಚಿನಲ್ಲಿಯೂ ನೆರೆಹೊರೆಯವರಾಗಿಯೇ ಇರುತ್ತಿದ್ದರು. ವರ್ಷವಿಡೀ ಮಗ್ಗಗಳ ಮೊರೆತದಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳಿಸದೆ, ತುಟಿಗಳ ಚಲನೆಯನ್ನು ನೋಡಿ ಮಾತು ತಿಳಿಯುತ್ತಿದ್ದ ಜನಕ್ಕೆ ಗೋಪುರದಡಿಯ ನೃತ್ಯಶಾಲೆ ಸ್ವರ್ಗವಾಗಿ ಕಂಡುದರಲ್ಲಿ ಆಶ್ಚರ್ಯವಿಲ್ಲ. ಅಲ್ಲಿ ೧೯೩೦ರಿಂದ ೧೯೭೦ರವರೆಗೆ ರೆಜಿನಾಲ್ಡ್ ಡಿಕ್ಸನ್ ಎಂಬ ವಾದಕನು ಆರ್ಗನ್ ನುಡಿಸಿದನು. ಗಂಡಹೆಂಡಿರು ಕೈಹಿಡಿದು ಸುತ್ತಿದರು.

ಆ ಗಿರಣಿಗಳಿಗೆ ಹತ್ತಿ ಎಲ್ಲಿಂದ ಬರುತ್ತಿತ್ತು? ಬಹುಪಾಲು ಅಮೆರಿಕೆಯ ದಕ್ಷಿಣ ಸಂಸ್ಥಾನಗಳಿಂದ, ಗುಲಾಮರ ಕೈಯಿಂದ. ೧೮೬೧ರಲ್ಲಿ ಅಲ್ಲಿ ಅಂತರ್ಯುದ್ಧ ಮೊದಲಾಗಿ ಬಂದರುಗಳು ಮುಚ್ಚಿದಾಗ ಲ್ಯಾಂಕಶೈರಿನ ಲಕ್ಷಾಂತರ ಜನ ಕೂಳಿಲ್ಲದೆ ಕುಳಿತರು. ನಮ್ಮ ಧಾರವಾಡ ಸೀಮೆಯ ಕಥೆಯೂ ಇಲ್ಲಿ ಒಂದು ಗಳಿಗೆ ಹಾದುಹೋಗುತ್ತದೆ. ಎರೆಹೊಲಗಳ ಅರಳೆ ಚಕ್ಕಡಿಗಳಲ್ಲಿ ಘಟ್ಟವಿಳಿದು ಕುಮಟೆಗೆ, ಅಲ್ಲಿಂದ ಹಡಗಿನಲ್ಲಿ ಮುಂಬಯಿಗೆ, ಮುಂದೆ ಲಿವರ್‌ಪೂಲಿಗೆ ನಡೆಯಿತು. ಮ್ಯಾಂಚೆಸ್ಟರಿನ ವರ್ತಕರ ಕಂಪನಿಯೊಂದು ಸದಾಶಿವಗಡದಲ್ಲಿ ನೆಲೆಯೂರಲು ಹವಣಿಸಿದ್ದೂ ಅದೇ ಕಾಲದಲ್ಲಿ. ನಮ್ಮ ನಾಡತಳಿಯ ಎಳೆ ಗಿಡ್ಡ. ಅಲ್ಲಿಯ ಯಂತ್ರಕ್ಕೆ ಅದು ಒಗ್ಗದೆ ಮೇಲಿಂದ ಮೇಲೆ ಹರಿಯುತ್ತಿತ್ತು. ನೇಕಾರರು ಅದನ್ನು ಶಪಿಸಿದರು. ಆದರೂ ೧೮೬೨ರ ಡಿಸೆಂಬರ್ ೩೧ರಂದು ಮ್ಯಾಂಚೆಸ್ಟರಿನ ಕೆಲಸಗಾರರು ಸಭೆ ಸೇರಿ, ಗುಲಾಮರ ಬಿಡುಗಡೆಯೇ ಆಗಲೆಂದು ಅಧ್ಯಕ್ಷ ಲಿಂಕನ್ನನಿಗೆ ಬರೆದರು. ಮುಂದಿನ ತಿಂಗಳು ಲಿಂಕನ್ ಕೃತಜ್ಞತೆಯಿಂದ ಉತ್ತರಿಸಿದನು. ಪ್ರಾಂತದಲ್ಲಿ ಎಲ್ಲರ ಮನಸ್ಸೂ ಹಾಗಿರಲಿಲ್ಲವೆಂಬುದು ನಿಜ. ಆದರೆ ಹಸಿದವರು ಅಂತಹ ಕಾಗದ ಬರೆದದ್ದೂ ನಿಜವೇ.

ಬಿಡುಗಡೆ ಹೊಂದಿದವರ ಮಕ್ಕಳು ಮೊಮ್ಮಕ್ಕಳು ಹತ್ತಿಯ ಹೊಲಗಳನ್ನು ಬಿಟ್ಟು ಉತ್ತರದ ಕಾರ್ಖಾನೆಗಳಿಗೆ, ಡೆಟ್ರಾಯಿಟಿನ ಮೋಟಾರು ಗಿರಣಿಗಳಿಗೆ ನಡೆದರು. ಅಲ್ಲಿ ಮೋಟಾರಿನ ಕೆಲಸ ಮಾಡಿದ್ದ ಬೆರಿ ಗಾರ್ಡಿ ಎಂಬಾತನು ೧೯೫೯ರಲ್ಲಿ ಮೋಟೌನ್ ಎಂಬ ಸಂಗೀತದ ಕಂಪನಿಯನ್ನು ಸ್ಥಾಪಿಸಿ ಜಗದ್ವಿಖ್ಯಾತನಾದನು. ಒಬ್ಬನು ಗೆದ್ದರೆ ನೂರು ಮಂದಿ ಹಿಂಬಾಲಿಸುವುದು ಲೋಕರೂಢಿ. ಮನೆಯ ಮುಂಗಟ್ಟೆಯಲ್ಲಿ, ಅಂಗಡಿಯ ಹಿಂಗೋಣೆಯಲ್ಲಿ, ಸಾಲ ಮಾಡಿ ಹಾಡುಗಳನ್ನು ಮುದ್ರಿಸಿದ ಸಣ್ಣ ಕಂಪನಿಗಳು ಎಷ್ಟೋ. ಗಾಯಕರು ಎದೆ ಬಿರಿಯುವಂತೆ ಹಾಡಿದರು, ರೇಡಿಯೋದವರು ಒಲಿಯಲಿಲ್ಲ, ತಟ್ಟೆಗಳು ಮಾರಾಟವಾಗಲಿಲ್ಲ. ಹಾಡಿದವರು ಬಸ್ಸು ನಡೆಸಲು, ಶಾಲೆಯಲ್ಲಿ ಕಲಿಸಲು, ಕಾರ್ಖಾನೆಯ ಕೆಲಸಕ್ಕೆ ಹಿಂದಿರುಗಲು ಹೊರಟುಹೋದರು. ತಟ್ಟೆಗಳು ಉಗ್ರಾಣಗಳಲ್ಲಿ ಧೂಳು ತಿನ್ನುತ್ತ ಉಳಿದವು.

ಆ ಧೂಳಿನ ಹಾಡುಗಳನ್ನೇ ಬ್ಲ್ಯಾಕ್‌ಪೂಲಿನ ಮಹಡಿಯ ಕೋಣೆ ಆರಿಸಿಕೊಂಡದ್ದು. ಲಂಡನ್ನಿನಲ್ಲಿ ರೆಕಾರ್ಡಿನ ಅಂಗಡಿ ಇಟ್ಟಿದ್ದ ಡೇವ್ ಗಾಡಿನ್ ಎಂಬ ಲೇಖಕನು, ಕಾಲ್ಚೆಂಡಿನ ಆಟ ನೋಡಲು ಉತ್ತರದಿಂದ ಬಂದ ಹುಡುಗರು ಹೊಸ ಹಾಡುಗಳನ್ನು ಬಿಟ್ಟು ಕೆಲವು ವರ್ಷ ಹಿಂದಿನ, ವೇಗದ ತಾಳದ ಹಾಡುಗಳನ್ನೇ ಕೇಳುವುದನ್ನು ಗಮನಿಸಿ, ಅವಕ್ಕೆ ‘ನಾರ್ದರ್ನ್ ಸೋಲ್’ ಎಂದು ಹೆಸರಿಟ್ಟನು. ಹಾಡಿದವರು ಅಮೆರಿಕದವರು, ಹೆಸರಿನಲ್ಲಿರುವ ಉತ್ತರ ದಿಕ್ಕು ಇಂಗ್ಲೆಂಡಿನದು! ಕೇಳುವವರ ಊರಿನಿಂದ ಹಾಡಿಗೆ ಹೆಸರು ಬಂದ ಉದಾಹರಣೆ ಸಂಗೀತದ ಚರಿತ್ರೆಯಲ್ಲಿ ವಿರಳವೆಂದೇ ತೋರುತ್ತದೆ.

ಕೋಣೆಯೊಳಗಿನ ಕುಣಿತವೂ ಗೋಪುರದಡಿಯ ಕುಣಿತದಂತಲ್ಲ. ಇಲ್ಲಿ ಜೋಡಿ ಬೇಕಿಲ್ಲ. ಅಗಲವಾದ ಷರಾಯಿ, ತೋಳಿಲ್ಲದ ಅಂಗಿ ತೊಟ್ಟ ತರುಣನು ಚೀಲದಿಂದ ಟಾಲ್ಕಂ ಪುಡಿಯನ್ನು ತೆಗೆದು ಮರದ ನೆಲದ ಮೇಲೆ ಚೆಲ್ಲಿ, ಅಂಗಾಲು ಜಾರುವಂತೆ ಮಾಡಿಕೊಂಡು, ಒಬ್ಬನೇ ಕುಣಿಯುತ್ತಾನೆ. ಬುಗುರಿಯಂತೆ ತಿರುಗುತ್ತಾನೆ, ಹಿಂದಕ್ಕೆ ಬಾಗಿ ಕೈಯೂರಿ ನೆಲ ಮುಟ್ಟಿ, ಮುಂದಿನ ತಾಳಕ್ಕೆ ಸರಿಯಾಗಿ ಮೇಲೇಳುತ್ತಾನೆ. ಹಾಡು ಮುಗಿದಾಗ ಕೋಣೆಯೆಲ್ಲ ಚಪ್ಪಾಳೆ ತಟ್ಟುತ್ತದೆ. ವೇದಿಕೆಯ ಮೇಲೆ ಗಾಯಕನಿಲ್ಲ, ಇರುವುದು ಏಳು ಅಂಗುಲದ ತಟ್ಟೆ. ವಾರದ ಐದು ದಿನ ಯಂತ್ರದ ಮುಂದೆ ನಿಂತವನಿಗೆ ಆ ಮೂರು ನಿಮಿಷ ತನ್ನ ಮೈ ತನ್ನದಾಗಿತ್ತು. ಇರುಳು ಎರಡು ಗಂಟೆಗೆ ಮೆಕ್ಕಾದ ಬಾಗಿಲು ಮುಚ್ಚುತ್ತಿತ್ತು. ತೃಪ್ತಿಯಾಗದವರು ಸುಮಾರು ಮೂವತ್ತು ಮೈಲಿ ದೂರದ ವಿಗನ್ ಪಟ್ಟಣಕ್ಕೆ ಓಡುತ್ತಿದ್ದರು. ೧೯೭೩ರ ಸೆಪ್ಟೆಂಬರಿನಿಂದ ೧೯೮೧ರ ಡಿಸೆಂಬರಿನವರೆಗೆ ಅಲ್ಲಿಯ ಕ್ಯಾಸಿನೋ ಎಂಬ ನೃತ್ಯಮಂದಿರದಲ್ಲಿ ಬೆಳಗಿನವರೆಗೆ ಕುಣಿತ ನಡೆಯುತ್ತಿತ್ತು. ಹಾಗೆ ಇರುಳೆಲ್ಲ ಎಚ್ಚರವಿರಲು ಹಲವರು ಆಂಫೆಟಮೈನ್ ಗುಳಿಗೆಗಳನ್ನು ನುಂಗುತ್ತಿದ್ದರೆಂಬುದನ್ನು ಮರೆಮಾಚುವುದು ಸಲ್ಲದು. ಗುಳಿಗೆಯಿಂದ ಕೆಟ್ಟವರೂ ಸತ್ತವರೂ ಉಂಟು.

ಪ್ರೀತಿಯಿದ್ದಲ್ಲಿ ಮತ್ಸರವೂ ಬರುತ್ತದೆ. ತಟ್ಟೆಗಳನ್ನು ಹಾಕುವವರ ಕೀರ್ತಿಯೆಲ್ಲ ಬೇರೆಯವರಲ್ಲಿಲ್ಲದ ಹಾಡು ತಮ್ಮಲ್ಲಿರುವುದರ ಮೇಲೆ ನಿಂತಿತ್ತು. ಆದ್ದರಿಂದ ಅವರು ತಟ್ಟೆಯ ಮೇಲಿನ ಚೀಟಿಗೆ ಬಿಳಿಯ ಕಾಗದ ಅಂಟಿಸಿ, ಹಾಡಿಗೂ ಹಾಡಿದವನಿಗೂ ಸುಳ್ಳು ಹೆಸರುಗಳನ್ನು ಕೊಡುತ್ತಿದ್ದರು. ಫ್ರಾಂಕ್ ವಿಲ್ಸನ್ ಎಂಬಾತನು ೧೯೬೫ರಲ್ಲಿ ಮೋಟೌನಿಗಾಗಿ ಹಾಡಿದ ಹಾಡೊಂದು ಮಾರುಕಟ್ಟೆಗೇ ಬರಲಿಲ್ಲ. ಅಚ್ಚಾದ ಪ್ರತಿಗಳಲ್ಲಿ ಬೆರಳೆಣಿಕೆಯಷ್ಟು ಉಳಿದವು. ವಿಲ್ಸನ್ ಗಾಯನವನ್ನು ಬಿಟ್ಟು ಹಾಡುಗಳನ್ನು ಬರೆಯುವ, ತಯಾರಿಸುವ ಕೆಲಸಕ್ಕೆ ನಿಂತನು. ಆ ಹಾಡು ವಿಗನ್ನಿನಲ್ಲಿ ಬೆಳಕಿಗೆ ಬಂದಾಗ ಜನ ಹುಚ್ಚೆದ್ದು ಕುಣಿದರು. ಆದರೆ ಅವರಿಗೆ ಹೇಳಿದ್ದು ಎಡ್ಡಿ ಫಾಸ್ಟರ್ ಎಂಬ ಬೇರೊಬ್ಬನ ಹೆಸರು. ಲೋಕವು ಒಮ್ಮೆ ಮರೆತ ಗಾಯಕನನ್ನು ಅವನ ಭಕ್ತರೇ ಎರಡನೆಯ ಸಲ ಅಡಗಿಸಿದಂತಾಯಿತು. ಇದನ್ನು ಕಳ್ಳತನವೆನ್ನಲು ಮನಸ್ಸು ಹಿಂಜರಿಯುತ್ತದೆ. ಬೇರೆ ಹೆಸರೂ ಬೇಗನೆ ಹೊಳೆಯುವುದಿಲ್ಲ.

ಬ್ಲ್ಯಾಕ್‌ಪೂಲಿನ ದೊಡ್ಡ ಜಗಳ ಮಾತ್ರ ಬೇರೆಯದು. ಹೈಲ್ಯಾಂಡ್ ಕೋಣೆಯಲ್ಲಿ ಇಯಾನ್ ಲೆವಿನ್, ಕಾಲಿನ್ ಕರ್ಟಿಸ್ ಎಂಬಿಬ್ಬರು ತಟ್ಟೆಗಳನ್ನು ಹಾಕುತ್ತಿದ್ದರು. ಲೆವಿನ್ ಆ ಊರಿನವನೇ. ಮನೆಯವರೊಡನೆ ಅಮೆರಿಕೆಯ ಮಯಾಮಿಗೆ ಹೋದಾಗಲೆಲ್ಲ ಹಳೆಯ ಉಗ್ರಾಣಗಳನ್ನು ಜಾಲಾಡಿ ರಾಶಿರಾಶಿ ತಟ್ಟೆಗಳನ್ನು ಹೊತ್ತು ತರುತ್ತಿದ್ದನು. ಒಮ್ಮೆ ಕಾರ್‌ಸ್ಟೇರ್ಸ್ ಎಂಬ ಮೇಳದವರ ಆಗತಾನೆ ಬಂದ ತಟ್ಟೆಯೊಂದು ಅವನ ಕೈಸೇರಿತು. ತಾಳ ತುಸು ನಿಧಾನ, ನಾದ ಹೊಸದು. ಅದನ್ನು ಅವನು ಮೆಕ್ಕಾದಲ್ಲಿ ಹಾಕಿದನು; ಅಂತಹವನ್ನೇ ಇನ್ನಷ್ಟು ಹಾಕಿದನು. ವಿಗನ್ನಿನ ಪಕ್ಷದವರು ಸಿಡಿದೆದ್ದರು. ಹತ್ತು ವರ್ಷ ಹಿಂದಿನ ವೇಗದ ಹಾಡೇ ಧರ್ಮ, ಉಳಿದದ್ದೆಲ್ಲ ಭ್ರಷ್ಟವೆಂದು ಅವರ ವಾದ. ಲೆವಿನ್ ತೊಲಗಬೇಕೆಂದು ಬರೆದ ಪತಾಕೆಗಳೂ ಹಾರಾಡಿದವು. ಮೆಕ್ಕಾದವರ ವಾದವೂ ಸರಳವೇ: ಡೆಟ್ರಾಯಿಟಿನ ಹಳೆಯ ಬಡ ಗಾಯಕನನ್ನು ಕೇಳುವವರು ಇಂದಿನ ಬಡ ಗಾಯಕನಿಗೆ ಏಕೆ ಕಿವಿಗೊಡಬಾರದು? ಹಳಗನ್ನಡ ಹೊಸಗನ್ನಡಗಳ ವ್ಯಾಜ್ಯವನ್ನು ಕಂಡ ವಾಚಕರಿಗೆ ಈ ಜಗಳದ ಧಾಟಿ ಅಪರಿಚಿತವಾಗಿರಲಾರದು. ಮೆಕ್ಕಾದವರ ಮಾತಿನಲ್ಲಿ ಹೆಚ್ಚು ಬೆಳಕಿತ್ತೆಂದು ಈಗ ತೋರುತ್ತದೆ. ವಿಗನ್ನಿನ ನೆಲದ ಮೇಲೆ ಹೆಚ್ಚು ಸಂತೋಷವಿತ್ತೆಂದೂ ತೋರುತ್ತದೆ.

ಊರಿನಲ್ಲಿ ಬೇರೆ ಸಂಗೀತವೂ ಇಲ್ಲದಿರಲಿಲ್ಲ. ೧೯೬೪ರ ಜುಲೈಯಲ್ಲಿ ರೋಲಿಂಗ್ ಸ್ಟೋನ್ಸ್ ಮೇಳದವರ ಕಚೇರಿ ಹೊಡೆದಾಟದಲ್ಲಿ ಮುಗಿದು, ನಗರಸಭೆ ಅವರಿಗೆ ಹಾಕಿದ ಬಹಿಷ್ಕಾರ ೨೦೦೮ರವರೆಗೆ ನಿಂತಿತ್ತು. ಎಪ್ಪತ್ತರ ದಶಕದ ಕೊನೆಗೆ ಮೆಂಬ್ರೇನ್ಸ್ ಎಂಬ ಹುಡುಗರ ಮೇಳ ಅಲ್ಲಿಯೇ ಹುಟ್ಟಿತು. ಪಂಕ್ ಸಂಗೀತದವರ ‘ರೆಬೆಲಿಯನ್’ ಎಂಬ ಉತ್ಸವ ಅಲ್ಲಿಯ ವಿಂಟರ್ ಗಾರ್ಡನ್ಸ್ ಮಂದಿರದಲ್ಲಿ ಸೇರುವುದುಂಟು. ಮಹಡಿಯ ಕೋಣೆಯ ಸಂಗೀತವೂ ಒಮ್ಮೆ ಜಗತ್ತಿನ ಬಾಯಿಗೆ ಬಿದ್ದಿತು: ಬ್ಲ್ಯಾಕ್‌ಪೂಲಿನಲ್ಲಿ ಬೆಳೆದ ಡೇವ್ ಬಾಲ್ ಮತ್ತು ನೆರೆಯ ಸೌತ್‌ಪೋರ್ಟಿನ ಮಾರ್ಕ್ ಆಲ್ಮಂಡ್ ಸೇರಿ, ಗ್ಲೋರಿಯಾ ಜೋನ್ಸ್ ಎಂಬ ಕಪ್ಪು ಗಾಯಕಿ ಅರುವತ್ತರ ದಶಕದಲ್ಲಿ ಹಾಡಿ ಸೋತಿದ್ದ ‘ಟೇಂಟೆಡ್ ಲವ್’ ಎಂಬ ಹಾಡನ್ನು ೧೯೮೧ರಲ್ಲಿ ತಮ್ಮ ರೀತಿಯಲ್ಲಿ ಹಾಡಿದರು. ಅದು ಇಂಗ್ಲೆಂಡಿನಲ್ಲಿ ಮೊದಲನೆಯ ಸ್ಥಾನಕ್ಕೇರಿತು.

ಅಷ್ಟರಲ್ಲಿ ಲ್ಯಾಂಕಶೈರಿನ ಗಿರಣಿಗಳು ಒಂದೊಂದಾಗಿ ಮುಚ್ಚಿದ್ದವು. ವೇಕ್ಸ್ ವಾರಗಳಿಗೆ ಅರ್ಥವುಳಿಯಲಿಲ್ಲ. ರಜೆಗೆ ಜನ ಸ್ಪೇನಿನ ಬಿಸಿಲಿಗೆ ಹೋಗುತ್ತಿದ್ದರು. ಮೆಕ್ಕಾದ ಕಟ್ಟಡವನ್ನು ೨೦೦೯ರಲ್ಲಿ ಕೆಡವಿದರು. ಅದೇ ವರ್ಷ ಫ್ರಾಂಕ್ ವಿಲ್ಸನ್ನನ ತಟ್ಟೆಯ ಪ್ರತಿಯೊಂದು ೨೫,೭೪೨ ಪೌಂಡುಗಳಿಗೆ ಹರಾಜಾಯಿತು. ವಿಲ್ಸನ್ ಆಗಿನ್ನೂ ಬದುಕಿದ್ದನು. ಹಣ ಹೋದದ್ದು ತಟ್ಟೆಯಿದ್ದವನಿಗೆ.

ಲೆವಿನ್ ೧೯೮೯ರಲ್ಲಿ ಡೆಟ್ರಾಯಿಟಿಗೆ ಹೋಗಿ ಮೋಟೌನಿನ ಹಳೆಯ ಗಾಯಕರನ್ನು ಒಂದೆಡೆ ಕೂಡಿಸಿದನು. ಮುಂದೆ, ಒಂದು ಕಾಲದಲ್ಲಿ ಚೀಟಿಯ ಮೇಲಿನ ಹೆಸರಷ್ಟೇ ಆಗಿದ್ದ ನೂರಕ್ಕೂ ಹೆಚ್ಚು ಮಂದಿ ಗಾಯಕರನ್ನು ಹುಡುಕಿ, ಅವರನ್ನು ಚಲಚ್ಚಿತ್ರದಲ್ಲಿ ಹಿಡಿದನು. ಇಂಗ್ಲೆಂಡಿಗೆ ಬಂದು ಹಾಡಿದ ವಯಸ್ಸಾದ ಗಾಯಕರೂ ಹಲವರು. ಗೋಪುರದಡಿಯ ಹಳೆಯ ನೃತ್ಯಶಾಲೆಯಲ್ಲಿಯೂ ಈಗ ಸೋಲ್ ಸಂಗೀತದ ಕೂಟಗಳು ನಡೆಯುತ್ತವೆ. ಮಂಡಿ ನೋಯುವ ವಯಸ್ಸಿನವರು ಅಲ್ಲಿ ಒಬ್ಬೊಬ್ಬರಾಗಿ ಕುಣಿಯುತ್ತಾರೆ. ಪಕ್ಕದಲ್ಲಿ ಅವರ ಮಕ್ಕಳು, ಮೊಮ್ಮಕ್ಕಳು. ತಿರುಗುವ ವೇಗ ಕಡಿಮೆಯಾಗಿದೆ. ಮುಂದಿನ ಹಾಡು ಯಾವುದೆಂಬುದು ಮೊದಲೆರಡು ಸ್ವರಗಳಲ್ಲೇ ತಿಳಿದು, ಕುರ್ಚಿಯಲ್ಲಿದ್ದವರು ಚಹದ ಬಟ್ಟಲನ್ನು ಕೆಳಗಿಟ್ಟು ಏಳುತ್ತಾರೆ.