ಗುಲಾಬಿ ತೋಟದ ಹಿಂದಿನ ತಾಮ್ರ

ಟೋಕಿಯೋಗೆ ಹೋದವರು ಅಕಿಹಬಾರಾ, ಶಿಬುಯಾ ಅಂತ ಸುತ್ತೋದು ಮಾಮೂಲು. ಹತ್ತು ದಿನದ ವಿದ್ಯಾರ್ಥಿ ವಿನಿಮಯ ಕಾರ್ಯಕ್ರಮಕ್ಕೆ ಕಳೆದ ಅಕ್ಟೋಬರ್‌ನಲ್ಲಿ ಹೋಗಿದ್ದ ನಾವು ಮೂವರೂ ಅದನ್ನೇ ಮಾಡಿದೆವು. ಆದರೆ ಊರಿಗೆ ಬಂದ ಮೇಲೂ ನಾವು ಮಾತಾಡ್ತಾ ಇರೋದು ಬೇರೆ ಒಂದು ಜಾಗದ ಬಗ್ಗೆ. ಅದರ ಹೆಸರು ಕ್ಯೂ-ಫುರುಕಾವಾ ತೋಟ. ‘ಕ್ಯೂ’ ಅಂದರೆ ಹಿಂದಿನ; ಒಂದು ಕಾಲಕ್ಕೆ ಫುರುಕಾವಾ ಮನೆತನದ್ದಾಗಿದ್ದ ತೋಟ ಅಂತ ಅರ್ಥ. ಕಾಮಿ-ನಾಕಾಝಾತೊ ಸ್ಟೇಷನ್ನಿಂದ ಏಳೆಂಟು ನಿಮಿಷ ನಡೆದರೆ ಸಿಗುತ್ತೆ. ಟಿಕೆಟ್ 150 ಯೆನ್, ಅಲ್ಲಿನ ವೆಂಡಿಂಗ್ ಮಷೀನಿನ ಒಂದು ಕಾಫಿಯ ರೇಟು.

ಜಾಗ ಇರೋದು ಒಂದು ಇಳಿಜಾರಿನಲ್ಲಿ. ದಿಬ್ಬದ ಮೇಲೆ ಕಪ್ಪು-ಕೆಂಪು ಕಲ್ಲಿನ ಎರಡು ಮಹಡಿಯ ಬಂಗಲೆ. ಥೇಟ್ ಇಂಗ್ಲೆಂಡಿನ ಹಳ್ಳಿಯಿಂದ ಕಿತ್ತು ತಂದು ಇಟ್ಟ ಹಾಗಿದೆ. ಅದರ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಗುಲಾಬಿ ತೋಟ, ಅಳತೆ ಪಟ್ಟಿ ಇಟ್ಟು ಕತ್ತರಿಸಿದಂಥ ಪೊದೆಗಳು. ಇನ್ನೂ ಕೆಳಗಿಳಿದರೆ ಮರಗಳ ನೆರಳು, ಕಲ್ಲಿನ ದೀಪ, ನಡುವೆ ಒಂದು ಕೊಳ. ಐದು ನಿಮಿಷದಲ್ಲಿ ಇಂಗ್ಲೆಂಡಿನಿಂದ ಕ್ಯೋಟೋಗೆ ಇಳಿದ ಹಾಗೆ.

ಬಂಗಲೆ ಕಟ್ಟಿದ್ದು 1917ರಲ್ಲಿ. ಅದನ್ನೂ ಗುಲಾಬಿ ತೋಟವನ್ನೂ ವಿನ್ಯಾಸ ಮಾಡಿದವರು ಜೊಸಾಯಾ ಕಾಂಡರ್. ಇವರ ಕಥೆ ನಮ್ಮಂಥವರಿಗೆ ಹತ್ತಿರದ್ದು. 1877ರಲ್ಲಿ, 24ನೇ ವಯಸ್ಸಿಗೆ, ಲಂಡನ್ನಿನಿಂದ ಟೋಕಿಯೋದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿಗೆ ಮೇಷ್ಟ್ರಾಗಿ ಬಂದರು. ಅಂದರೆ ನಮ್ಮ ಸೂಪರ್ ಸೀನಿಯರ್‌ಗಳಿಗಿಂತ ಒಂದೆರಡು ವರ್ಷ ದೊಡ್ಡವರು ಅಷ್ಟೇ. ಪಾಠ ನಡೀತಿದ್ದದ್ದು ಇಂಗ್ಲಿಷಿನಲ್ಲಿ. 1879ರ ಮೊದಲ ಬ್ಯಾಚಿನಲ್ಲಿ ಪಾಸಾದ ತತ್ಸುನೋ ಕಿಂಗೋ ಮುಂದೆ ಟೋಕಿಯೋ ಸ್ಟೇಷನ್ ಕಟ್ಟಡವನ್ನು ವಿನ್ಯಾಸ ಮಾಡಿದರು. ಕಾಂಡರ್ ವಾಪಸ್ ಹೋಗಲಿಲ್ಲ. ಜಪಾನೀ ಚಿತ್ರಕಲೆಯನ್ನು ಗುರುವಿನ ಹತ್ತಿರ ಕೂತು ಕಲಿತರು, ಜಪಾನೀ ತೋಟಗಳ ಬಗ್ಗೆ 1893ರಲ್ಲಿ ಪುಸ್ತಕ ಬರೆದರು, 1920ರಲ್ಲಿ ಟೋಕಿಯೋದಲ್ಲೇ ತೀರಿಕೊಂಡರು.

ಬಂಗಲೆಯ ಕೆಳಗಿನ ಮಹಡಿ ಪೂರ್ತಿ ಪಾಶ್ಚಾತ್ಯ: ಊಟದ ಕೋಣೆ, ಬೆಂಕಿಗೂಡು, ಮರದ ನೆಲ. ಮೇಲಿನ ಮಹಡಿಯಲ್ಲೂ ಬಾಗಿಲುಗಳು ಅದೇ ಇಂಗ್ಲಿಷ್ ಶೈಲಿಯವು. ಆದರೆ ಬಾಗಿಲು ತೆಗೆದರೆ ಒಳಗೆ ಕಾಗದದ ಜಾರುಬಾಗಿಲು, ಅದರ ಆಚೆ ತತಾಮಿ ಚಾಪೆ ಹಾಸಿದ ಕೋಣೆ! ಒಂದು ಮಲಗುವ ಕೋಣೆ ಬಿಟ್ಟರೆ ಮೇಲಿನ ಕೋಣೆಗಳೆಲ್ಲ ಜಪಾನೀ. ಬುದ್ಧನ ಪೂಜೆಗೂ ಒಂದು ಕೋಣೆ ಇದೆ. ಹೊರಗೆ ನಿಂತು ನೋಡಿದರೆ ಒಂದಿಷ್ಟೂ ಗೊತ್ತಾಗಲ್ಲ. ಎರಡು ಶೈಲಿಗಳನ್ನು ಕಲಸಿಲ್ಲ. ಒಂದರೊಳಗೆ ಒಂದನ್ನು ಇಟ್ಟು, ಸೇರುವ ಜಾಗವನ್ನು ಬಾಗಿಲ ಹಿಂದೆ ಮುಚ್ಚಿದ್ದಾರೆ. ಕ್ಲಾಸಲ್ಲಿ ಇಂಗ್ಲಿಷ್, ಅಮ್ಮನ ಫೋನು ಬಂದರೆ ಕನ್ನಡ ಅನ್ನೋ ನಮಗೆ ಈ ಮನೆ ತಕ್ಷಣ ಅರ್ಥ ಆಯ್ತು.

ತೋಟದಲ್ಲೂ ಅದೇ ಲೆಕ್ಕ. ಪುಸ್ತಕ ಬರೆದ ಕಾಂಡರ್ ಕೆಳಗಿನ ಜಪಾನೀ ತೋಟಕ್ಕೆ ಕೈ ಹಾಕಲಿಲ್ಲ. ಅದನ್ನು ಮಾಡಿದವರು ಕ್ಯೋಟೋದ ತೋಟಗಾರ ಒಗಾವಾ ಜಿಹೆ, ಮುಗಿದದ್ದು 1919ರಲ್ಲಿ. ಹತ್ತು ಮೀಟರಿಗೂ ಹೆಚ್ಚು ಎತ್ತರದಿಂದ ಬೀಳುವ ಜಲಪಾತ ಒಂದು ಕಡೆ, ನೀರೇ ಇಲ್ಲದೆ ಬರೀ ಕಲ್ಲಿನಲ್ಲಿ ಮಾಡಿದ ‘ಒಣ ಜಲಪಾತ’ ಇನ್ನೊಂದು ಕಡೆ. ಕೊಳದ ಆಕಾರ ‘ಹೃದಯ’ ಅನ್ನೋ ಅರ್ಥದ ಅಕ್ಷರದ್ದು.

ಇದಕ್ಕೆಲ್ಲ ದುಡ್ಡು ಎಲ್ಲಿಂದ ಬಂತು? ತಾಮ್ರದಿಂದ. ಮನೆಯ ಯಜಮಾನ ಫುರುಕಾವಾ ತೊರಾನೊಸುಕೆ. ಇವರ ತಂದೆ ಇಚಿಬೆ, ಕಾಂಡರ್ ಬಂದ 1877ರಲ್ಲೇ, ಟೋಕಿಯೋದಿಂದ ಸುಮಾರು ನೂರು ಕಿಲೋಮೀಟರ್ ದೂರದ ಆಶಿಯೋ ಗಣಿಯನ್ನು ಕೈಗೆ ತಗೊಂಡಿದ್ದರು. ಅದು ಜಪಾನಿನ ಅತಿ ದೊಡ್ಡ ತಾಮ್ರದ ಗಣಿಯಾಗಿ ಬೆಳೆಯಿತು. ಕುಲುಮೆಯ ಹೊಗೆಯಲ್ಲಿದ್ದ ಸಲ್ಫರ್ ಡೈಆಕ್ಸೈಡ್ ಸುತ್ತಲಿನ ಮರಗಳನ್ನು ಕೊಂದಿತು. ಉಳಿದ ಮರಗಳು ಸೌದೆಗೆ, ಸುರಂಗದ ಆಸರೆಗೆ ಹೋದವು. ಬೋಳಾದ ಬೆಟ್ಟದ ಮಣ್ಣು ವಾತರಾಸೆ ನದಿಗೆ ಇಳಿಯಿತು, ಪ್ರವಾಹ ಬಂದಾಗಲೆಲ್ಲ ಗಣಿಯ ವಿಷ ಗದ್ದೆಗಳಿಗೆ ಹರಡಿತು. ರೈತರ ಪರವಾಗಿ ಸಂಸತ್ತಿನಲ್ಲಿ ಹತ್ತು ವರ್ಷ ಕೂಗಾಡಿದ ತನಾಕಾ ಶೋಝೋ ಕೊನೆಗೆ ರಾಜೀನಾಮೆ ಕೊಟ್ಟು, 1901ರ ಡಿಸೆಂಬರ್‌ನಲ್ಲಿ ಚಕ್ರವರ್ತಿಯ ಗಾಡಿಗೆ ಅಡ್ಡ ಓಡಿ ಮನವಿ ಪತ್ರ ಕೊಡೋಕೆ ಹೋದರು. ಪೊಲೀಸರು ತಡೆದರು. ಪ್ರವಾಹದ ನೀರು ನಿಲ್ಲಿಸಲು ಯಾನಾಕಾ ಅನ್ನೋ ಊರನ್ನೇ ಸರ್ಕಾರ ಖಾಲಿ ಮಾಡಿಸಿತು. ಬಿಟ್ಟು ಹೋಗಲ್ಲ ಅಂತ ಉಳಿದಿದ್ದ 16 ಕುಟುಂಬಗಳ ಮನೆಗಳನ್ನು 1907ರಲ್ಲಿ ಕೆಡವಿದರು. ಅದಾಗಿ ಹತ್ತೇ ವರ್ಷಕ್ಕೆ ಈ ಬಂಗಲೆ ಎದ್ದಿತು.

ಕಾಂಡರ್ ಕಲ್ಲು ಚೆನ್ನಾಗಿಲ್ಲ, ಒಗಾವಾ ಕೊಳ ಚೆನ್ನಾಗಿಲ್ಲ ಅಂತ ಇದರ ಅರ್ಥ ಅಲ್ಲ. ಎರಡೂ ಚೆನ್ನಾಗಿವೆ, ಈಗಲೂ ಹಾಗೇ ಹೇಳ್ತೀವಿ. ಆದರೆ ಮೇಲಿನ ಮಹಡಿಯ ಬಾಗಿಲನ್ನು ತೆಗೆದು ತೋರಿಸಬಹುದು. ಗುಲಾಬಿಯಿಂದ ಗದ್ದೆಗೆ ಹೋಗುವ ಬಾಗಿಲು ತೋಟದಲ್ಲಿ ಎಲ್ಲೂ ಕಾಣಲ್ಲ. ಅದನ್ನು ನಾವೇ ಓದಿ ಹುಡುಕಬೇಕು. ಮೆಟಲರ್ಜಿ, ಕೆಮಿಕಲ್, ಸಿವಿಲ್ ಓದೋರು ಇನ್ನೊಂದು ವಿಷಯ ಗಮನಿಸಿ: ಆಶಿಯೋದಲ್ಲಿ 1956ರಲ್ಲಿ ಹೊಸ ಮಾದರಿಯ ಕುಲುಮೆ ಬಂತು. ಅದೇ ಹೊಗೆಯನ್ನು ಹಿಡಿದು ಸಲ್ಫ್ಯೂರಿಕ್ ಆಮ್ಲ ಮಾಡೋಕೆ ಶುರು ಮಾಡಿದರು. ಬೆಟ್ಟ ಕೊಂದ ಅನಿಲವೇ ಮಾರುವ ಸರಕಾಯ್ತು. ಅಷ್ಟರಲ್ಲಿ ಯಾನಾಕಾ ಹೋಗಿ ಅರ್ಧ ಶತಮಾನ ಆಗಿತ್ತು. ಗಣಿ ಮುಚ್ಚಿದ್ದು 1973ರಲ್ಲಿ. ಆಶಿಯೋ ಬೆಟ್ಟಗಳಲ್ಲಿ ಜನ ಇವತ್ತಿಗೂ ಸಸಿ ನೆಡ್ತಾ ಇದ್ದಾರೆ.

ಹೋಗೋದಾದರೆ ಮೇ ಇಲ್ಲಾ ಅಕ್ಟೋಬರ್‌ನಲ್ಲಿ ಹೋಗಿ, ಸುಮಾರು ನೂರು ಜಾತಿಯ ಗುಲಾಬಿ ಅರಳಿರುತ್ತೆ. ಮೇಲಿನ ಮಹಡಿ ತಪ್ಪಿಸಬೇಡಿ. ಇನ್ನೊಂದು ದಿನ ಕೈಯಲ್ಲಿದ್ದರೆ ಆಶಿಯೋಗೂ ಹೋಗಿ ಬನ್ನಿ. ನಮಗೆ ಆ ಒಂದು ದಿನ ಇರಲಿಲ್ಲ. ಹೋದವರು ಬಂದು ಇಲ್ಲೇ ಬರೆಯಿರಿ, ಓದ್ತೀವಿ.