ಶಕ್ತಿಮಾನ್ ಹೆಚ್ಚೋ, ಕ್ಯಾಪ್ಟನ್ ವ್ಯೋಮ್ ಹೆಚ್ಚೋ?



ವಾದ ಮಾಡಿದರೆ ಸತ್ಯ ಹೊರಗೆ ಬರುತ್ತದೆ ಎಂದು ಹಿರಿಯರು ಹೇಳುತ್ತಾರೆ. ನಮ್ಮ ಮನೆಯಲ್ಲಿ ವಾದ ಮಾಡಿದರೆ ಮೊದಲು ಗಲಾಟೆ ಬರುತ್ತದೆ, ಆಮೇಲೆ ಕಾಫಿ ಬರುತ್ತದೆ, ಕೊನೆಗೆ ಸ್ವಲ್ಪ ಸತ್ಯ ಬಂದರೂ ಬರಬಹುದು. ಈ ಸಲದ ಗೋಡೆ ಪತ್ರಿಕೆಗೆ ನಾನು ಬರೆಯುತ್ತಿರುವುದು ಅಂಥ ಒಂದು ವಾದದ ಬಗ್ಗೆ. ವಿಷಯ ಟಿ.ವಿ. ಧಾರಾವಾಹಿ. ‘ಟಿ.ವಿ. ನೋಡಿ ಮಕ್ಕಳು ಹಾಳಾದವು’ ಎಂದು ಬೈಯುವವರು ದಯವಿಟ್ಟು ಪೂರ್ತಿ ಓದಿ ಆಮೇಲೆ ಬೈಯಬೇಕಾಗಿ ವಿನಂತಿ.

ಎರಡು ಧಾರಾವಾಹಿಗಳು

‘ಶಕ್ತಿಮಾನ್’ ದೂರದರ್ಶನದಲ್ಲಿ 1997ರ ಸೆಪ್ಟೆಂಬರ್‌ನಲ್ಲಿ ಶುರುವಾಗಿ 2005ರ ಮಾರ್ಚ್‌ವರೆಗೆ ಬಂತು. ಗಂಗಾಧರ್ ಎಂಬ ಪೆದ್ದುಪೆದ್ದಾದ ಪತ್ರಿಕಾ ಫೋಟೋಗ್ರಾಫರ್, ಯಾರಿಗಾದರೂ ಕಷ್ಟ ಬಂದಾಗ ಗಿರ್ರನೆ ತಿರುಗಿ ಶಕ್ತಿಮಾನ್ ಆಗುತ್ತಾನೆ. ಯೋಗದಿಂದ ಏಳು ಚಕ್ರಗಳನ್ನು ಎಚ್ಚರಿಸಿಕೊಂಡವನು, ಪಂಚಭೂತಗಳ ಬಲ ಇದ್ದವನು. ಅವನ ವೈರಿ ತಮ್‌ರಾಜ್ ಕಿಲ್ವಿಷ್, ಕತ್ತಲೆಯ ಒಡೆಯ. ಶಕ್ತಿಮಾನ್ ಆದವರು ಮುಕೇಶ್ ಖನ್ನಾ, ಕಿಲ್ವಿಷ್ ಆದವರು ಸುರೇಂದ್ರ ಪಾಲ್. ಅದಕ್ಕೂ ಮೊದಲು ‘ಮಹಾಭಾರತ’ ಧಾರಾವಾಹಿಯಲ್ಲಿ ಇವರಿಬ್ಬರೇ ಭೀಷ್ಮ ಮತ್ತು ದ್ರೋಣ. ನಮ್ಮ ಅಜ್ಜಿಗೆ ಅದೇ ದೊಡ್ಡ ತಕರಾರು. “ಭೀಷ್ಮನೂ ದ್ರೋಣನೂ ಒಂದೇ ಕಡೆ ಇದ್ದವರಲ್ವೇನೋ, ಈಗ ಎಂತಕ್ಕೆ ಹೊಡೆದಾಡ್ತಾರೆ?” ಎಂದು ಇವತ್ತಿಗೂ ಕೇಳುತ್ತಾರೆ.

‘ಕ್ಯಾಪ್ಟನ್ ವ್ಯೋಮ್’ ಶುರುವಾದದ್ದು 1998ರಲ್ಲಿ. ನಿರ್ದೇಶಕರು ಕೇತನ್ ಮೆಹ್ತಾ, ನಾಯಕ ಮಿಲಿಂದ್ ಸೋಮನ್. ವ್ಯೋಮ ಎಂದರೆ ಆಕಾಶ. ಇದು 22ನೇ ಶತಮಾನದ ಕಥೆ. ಬಾಹ್ಯಾಕಾಶದ ಜೈಲಿನಿಂದ 12 ಮಂದಿ ಮಹಾ ಅಪರಾಧಿಗಳು ತಪ್ಪಿಸಿಕೊಂಡಿದ್ದಾರೆ, ಅವರನ್ನು ಒಬ್ಬೊಬ್ಬರನ್ನಾಗಿ ಹಿಡಿಯುವುದು ವ್ಯೋಮ್‌ನ ಕೆಲಸ. ಇವನು ಯೋಗ ಮಾಡಿ ಹಾರುವವನಲ್ಲ. ಇವನಿಗೆ ನೌಕೆ ಬೇಕು, ಜೊತೆಗಾರರು ಬೇಕು.

ನೋಡಿದವರು ಯಾರು?

ನಮ್ಮ ಅಪ್ಪಯ್ಯ ಬೆಳೆದದ್ದು ಇದೇ ಕೊಪ್ಪ ತಾಲ್ಲೂಕಿನಲ್ಲಿ. ಅವರಿಗೆ ಶಕ್ತಿಮಾನ್ ಎಂದರೆ ಪ್ರಾಣ. ನನ್ನ ಸೋದರಮಾವ ನರಸಿಂಹರಾಜಪುರದ ಕಡೆ, ಭದ್ರಾ ಹಿನ್ನೀರಿನ ಹತ್ತಿರದವರು. ಅವರು ವ್ಯೋಮ್ ಪಕ್ಷ. ಅಪ್ಪಯ್ಯನ ಅಕ್ಕ, ಅಂದರೆ ನನ್ನ ಅತ್ತೆ, ಶೃಂಗೇರಿ ಕಡೆಗೆ ಮದುವೆಯಾಗಿ ಹೋದವರು. ಅವರು ಯಾವ ಪಕ್ಷಕ್ಕೂ ಸೇರದೆ ಇಬ್ಬರನ್ನೂ ಬೈಯುವ ಪಕ್ಷ.

ಆಗ ಊರಿಗೆ ಮೂರು ನಾಲ್ಕು ಮನೆಯಲ್ಲಿ ಮಾತ್ರ ಟಿ.ವಿ. ಸುತ್ತ ಗುಡ್ಡ ಇದ್ದ ಕಾರಣ ಆಂಟೆನಾವನ್ನು ಉದ್ದದ ಬಿದಿರಿಗೆ ಕಟ್ಟಿ ನಿಲ್ಲಿಸುತ್ತಿದ್ದರಂತೆ. ಹೊರಗೆ ಒಬ್ಬ ಬಿದಿರು ತಿರುಗಿಸುತ್ತಾ “ಬಂತಾ? ಬಂತಾ?” ಎನ್ನಬೇಕು, ಒಳಗಿನವರು “ಬಂತು, ಬಂತು, ಅಯ್ಯೋ ಹೋಯ್ತು” ಎನ್ನಬೇಕು. ಭಾನುವಾರ ಮಧ್ಯಾಹ್ನ 12ಕ್ಕೆ ಶಕ್ತಿಮಾನ್. ಮಳೆಗಾಲದಲ್ಲಿ ಸರಿಯಾಗಿ ಅದೇ ಹೊತ್ತಿಗೆ ಕರೆಂಟ್ ಹೋದರೆ ಜಗಲಿಯಲ್ಲಿ ಕೂತವರೆಲ್ಲ “ಕಿಲ್ವಿಷ್ ಬಂದ!” ಎಂದು ಕೂಗುತ್ತಿದ್ದರಂತೆ. ಹಿಂದಿ ಅರ್ಧಕ್ಕರ್ಧ ಅರ್ಥವಾಗುತ್ತಿರಲಿಲ್ಲ. ಅರ್ಥವಾದವರು ಉಳಿದವರಿಗೆ ಕನ್ನಡದಲ್ಲಿ ಹೇಳಬೇಕು. ಹೇಳುವಾಗ ತಮ್ಮ ಕಡೆಯಿಂದ ಸ್ವಲ್ಪ ಸೇರಿಸುವುದೂ ಇತ್ತು. ಹೀಗಾಗಿ ಒಂದೇ ಕಂತಿಗೆ ಕೊಪ್ಪದಲ್ಲೊಂದು ಕಥೆ, ಶೃಂಗೇರಿಯಲ್ಲೊಂದು ಕಥೆ!

ನಾನು ಶಕ್ತಿಮಾನ್ ನೋಡಿದ್ದು 2020ರ ಏಪ್ರಿಲ್‌ನಲ್ಲಿ. ಲಾಕ್‌ಡೌನ್ ಅಂತ ದೂರದರ್ಶನದವರು ಹಳೆಯ ಕಂತುಗಳನ್ನು ಮತ್ತೆ ಹಾಕಿದರು. ಆಗ ನಾನು ನಾಲ್ಕನೇ ತರಗತಿ ಮುಗಿಸಿದ್ದೆ. ವ್ಯೋಮ್‌ನ ಕೆಲವು ಕಂತುಗಳನ್ನು ಮಾವ ಮೊಬೈಲ್‌ನಲ್ಲಿ ತೋರಿಸಿದರು. 2025ರ ದೀಪಾವಳಿಗೆ ಎಲ್ಲರೂ ನಮ್ಮ ಮನೆಯಲ್ಲಿ ಸೇರಿದಾಗ ವಾದ ಶುರುವಾಯಿತು.

ಅಪ್ಪಯ್ಯನ ವಾದ

“ಶಕ್ತಿಮಾನ್ ಬರೇ ಹೊಡೆದಾಟ ಅಲ್ಲ. ಪ್ರತಿ ಕಂತಿನ ಕೊನೆಗೆ ಮಕ್ಕಳಿಗೆ ಬುದ್ಧಿಮಾತು ಇರ್ತಿತ್ತು. ಕೈ ತೊಳೀರಿ, ಸುಳ್ಳು ಹೇಳಬೇಡಿ, ಕಸ ಎಲ್ಲೆಂದರಲ್ಲಿ ಹಾಕಬೇಡಿ. ಅಪ್ಪ ಅಮ್ಮ ಹೇಳಿದರೆ ಕೇಳದ ನಾವು ಅವನು ಹೇಳಿದರೆ ಕೇಳ್ತಿದ್ದೆವು. ಪರದೇಶದ ವೇಷ ಹಾಕದೆ ನಮ್ಮ ಯೋಗವನ್ನೇ ಹಿಡಿದು ಒಬ್ಬ ವೀರನನ್ನು ಮಾಡಿದರಲ್ಲ, ಅದು ಸಣ್ಣ ಮಾತಾ?”

ಗ್ರಾಫಿಕ್ಸ್ ಕಳಪೆ ಎಂದು ಮಾವ ನಕ್ಕಾಗ ಅತ್ತೆ ಅಪ್ಪಯ್ಯನ ಸಹಾಯಕ್ಕೆ ಬಂದರು. 1980ರ ದಶಕದಲ್ಲಿ ದೂರದರ್ಶನದಲ್ಲಿ ಬಂದ ಅಮೆರಿಕದ ‘ಸ್ಟಾರ್ ಟ್ರೆಕ್’ ಬಗ್ಗೆ ಅವರು ಓದಿ ತಿಳಿದಿದ್ದಾರೆ. ಅದು ಅಲ್ಲಿ 1966ರಿಂದ 1969ರವರೆಗೆ ಬಂದದ್ದು, ಒಟ್ಟು 79 ಕಂತು. ಅದರಲ್ಲಿ ಜನ ಒಂದು ಕಡೆ ಮಾಯವಾಗಿ ಇನ್ನೊಂದು ಕಡೆ ಪ್ರತ್ಯಕ್ಷರಾಗುತ್ತಾರೆ. ಪ್ರತಿ ವಾರ ನೌಕೆ ಇಳಿಸುವ ದೃಶ್ಯ ತೆಗೆಯಲು ದುಡ್ಡು ಸಾಲದೆ ಹುಡುಕಿದ ಉಪಾಯವಂತೆ ಅದು! “ದುಡ್ಡಿಲ್ಲದಿದ್ದರೆ ಉಪಾಯ ಬರ್ತದೆ. ಅದನ್ನು ದೋಷ ಅಂತ ಹೇಳಬೇಡ” ಎಂದರು ಅತ್ತೆ. ಆ ಧಾರಾವಾಹಿ ನಿಂತುಹೋಗುತ್ತದೆ ಎಂದಾಗ ಅಭಿಮಾನಿಗಳು ರಾಶಿ ರಾಶಿ ಪತ್ರ ಬರೆದು ಮೂರನೇ ವರ್ಷವೂ ಬರುವಂತೆ ಮಾಡಿದರು. 1976ರಲ್ಲಿ ಅಮೆರಿಕದ ಮೊದಲ ಬಾಹ್ಯಾಕಾಶ ಷಟಲ್‌ಗೆ ‘ಎಂಟರ್‌ಪ್ರೈಸ್’ ಎಂದು ಆ ಕಥೆಯ ನೌಕೆಯ ಹೆಸರನ್ನೇ ಇಟ್ಟದ್ದೂ ಅಭಿಮಾನಿಗಳ ಪತ್ರದಿಂದ.

ಮಾವನ ವಾದ

“ಭಾವ, ನಿಮ್ಮ ಶಕ್ತಿಮಾನ್‌ನಲ್ಲಿ ‘ಹೇಗೆ’ ಅಂತ ಕೇಳುವ ಹಾಗೇ ಇಲ್ಲ. ಹೇಗೆ ಹಾರಿದ? ಶಕ್ತಿಯಿಂದ. ಹೇಗೆ ಗೆದ್ದ? ಶಕ್ತಿಯಿಂದ. ಮುಗೀತು. ವ್ಯೋಮ್‌ಗೆ ಹಾಗಲ್ಲ. ನೌಕೆ ಕೆಟ್ಟರೆ ರಿಪೇರಿ ಮಾಡಬೇಕು. ಇನ್ನೊಂದು ಮಾತು. ಶಕ್ತಿಮಾನ್‌ನಲ್ಲಿ ವಿಜ್ಞಾನಿ ಯಾರು? ಡಾಕ್ಟರ್ ಜೈಕಾಲ್. ಹುಚ್ಚನ ಹಾಗೆ ನಗುವವನು, ಕಿಲ್ವಿಷ್‌ನ ಕೈಯಾಳು. ವಿಜ್ಞಾನಿ ಅಂದರೆ ಕೇಡಿಗ ಅಂತ ಮಕ್ಕಳು ತಿಳಿದುಕೊಳ್ಳಬೇಕಾ?”

ಈ ಮಾತಿಗೆ ಅಪ್ಪಯ್ಯ ಉತ್ತರ ಕೊಡಲಿಲ್ಲ. ಬದಲಿಗೆ ನನ್ನನ್ನು ಮುಂದೆ ಬಿಟ್ಟರು. “ನೀನು ಹೇಳು ಮಾರಾಯ್ತಿ, ಮಾವನ ವ್ಯೋಮ್‌ನಲ್ಲಿ ಎಂತ ತಪ್ಪಿಲ್ವಾ?”

ತಪ್ಪು ಇದೆ. ಒಂಬತ್ತನೇ ತರಗತಿಯ ವಿಜ್ಞಾನ ಪಾಠದಲ್ಲಿ ನಾವು ಓದಿದ್ದೇವೆ, ಶಬ್ದ ಸಾಗಲು ಮಾಧ್ಯಮ ಬೇಕು. ಗಾಜಿನ ಜಾಡಿಯಿಂದ ಗಾಳಿ ತೆಗೆದರೆ ಒಳಗಿನ ಗಂಟೆ ಬಡಿದರೂ ಕೇಳುವುದಿಲ್ಲ. ಬಾಹ್ಯಾಕಾಶದಲ್ಲಿ ಗಾಳಿಯೇ ಇಲ್ಲ. ಆದರೆ ನೌಕೆ ಸಿಡಿದರೆ ‘ಢಮಾರ್’ ಎನ್ನುತ್ತದೆ! ನೌಕೆಯೊಳಗೆ ಎಲ್ಲರೂ ನಮ್ಮ ಹಾಗೆ ನೆಲದ ಮೇಲೆ ನಡೆದಾಡುತ್ತಾರೆ. ಇದನ್ನು ಹೇಳಿದಾಗ ಅಪ್ಪಯ್ಯ ಚಪ್ಪಾಳೆ ಹೊಡೆದರು.

ಆದರೆ ನ್ಯಾಯ ಎಂದರೆ ನ್ಯಾಯ. ಶಕ್ತಿಮಾನ್‌ನ ತಪ್ಪನ್ನೂ ಹೇಳಿದೆ. ಬುಗುರಿ ಎಷ್ಟು ಜೋರಾಗಿ ತಿರುಗಿದರೂ ನೆಲ ಬಿಟ್ಟು ಏಳುವುದಿಲ್ಲ. ಹೆಲಿಕಾಪ್ಟರ್ ಏಳುವುದು ಅದರ ರೆಕ್ಕೆ ಓರೆಯಾಗಿದ್ದು ಗಾಳಿಯನ್ನು ಕೆಳಗೆ ತಳ್ಳುವುದರಿಂದ. ನಿಜವಾಗಿ ತೇಲುವ ಪ್ರಾಣಿ ಬೇಕಾದರೆ ನಮ್ಮ ತೋಟದಲ್ಲೇ ಇದೆ. ಅದು ಹಾರುವ ಓತಿ. ಉದ್ದವಾದ ಪಕ್ಕೆಲುಬುಗಳ ಮೇಲಿನ ಚರ್ಮವನ್ನು ಕೊಡೆಯ ಹಾಗೆ ಬಿಡಿಸಿ ಒಂದು ಅಡಿಕೆ ಮರದಿಂದ ಇನ್ನೊಂದಕ್ಕೆ ತೇಲಿ ಹೋಗುತ್ತದೆ. ನಮ್ಮದೇ ಜಿಲ್ಲೆಯ ಮೂಡಿಗೆರೆಯಲ್ಲಿದ್ದ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಕಾದಂಬರಿಯಲ್ಲಿ ಜನ ಹುಡುಕಿಕೊಂಡು ಹೋಗುವುದೂ ಒಂದು ಹಾರುವ ಓತಿಯನ್ನೇ.

ಅತ್ತೆಯ ಪ್ರಶ್ನೆ

ಅತ್ತೆ ಕೇಳಿದ್ದು ಬೇರೆ. “ಗೀತಾ ವಿಶ್ವಾಸ್ ಪತ್ರಿಕೆಯವಳು. ಧೈರ್ಯವಂತೆ. ಅನ್ಯಾಯ ಕಂಡರೆ ಬರೆಯುವವಳು. ಅವಳನ್ನು ಯಾಕೆ ಸುಮ್ಮಸುಮ್ಮನೆ ಮಹಡಿಯಿಂದ ಬೀಳಿಸ್ತಾರೆ? ಶಕ್ತಿಮಾನ್ ಬಂದು ಹಿಡೀಲಿ ಅಂತಲಾ?”

ಇದು ತಮಾಷೆಯ ಪ್ರಶ್ನೆ ಅಲ್ಲ. ಆ ಕಾಲದಲ್ಲಿ ಕೆಲವು ಕಡೆ ಮಕ್ಕಳು ಶಕ್ತಿಮಾನ್ ಬಂದು ಕಾಪಾಡುತ್ತಾನೆ ಎಂದು ನಂಬಿ ಅಪಾಯ ತಂದುಕೊಂಡರು ಎಂದು ಪತ್ರಿಕೆಗಳಲ್ಲಿ ಸುದ್ದಿ ಬಂದು ದೊಡ್ಡ ಚರ್ಚೆಯಾಗಿತ್ತು. ಮುಕೇಶ್ ಖನ್ನಾ ಅವರೇ ಪರದೆಯ ಮೇಲೆ ಬಂದು, ಇದನ್ನು ಅನುಕರಿಸಬೇಡಿ ಎಂದು ಮಕ್ಕಳಿಗೆ ಹೇಳಬೇಕಾಯಿತು.

ಲೆಕ್ಕ ಮಾಡಿ ನೋಡೋಣ. 50 ಅಡಿ ಎತ್ತರದ ಅಡಿಕೆ ಮರದಿಂದ ಬಿದ್ದರೆ ನೆಲ ಮುಟ್ಟಲು ಎರಡು ಸೆಕೆಂಡೂ ಬೇಡ. ಮುಟ್ಟುವಾಗಿನ ವೇಗ ಗಂಟೆಗೆ ಸುಮಾರು 60 ಕಿಲೋಮೀಟರ್. ನೆಲದ ಹತ್ತಿರ ಒಬ್ಬ ಬಂದು ಗಟ್ಟಿ ಕೈಯಲ್ಲಿ ಗಕ್ಕನೆ ಹಿಡಿದರೆ ಬಿದ್ದಷ್ಟೇ ಪೆಟ್ಟು. ಕ್ರಿಕೆಟ್‌ನಲ್ಲಿ ಚೆಂಡು ಹಿಡಿಯುವಾಗ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತೇವಲ್ಲ, ಅದು ಇದಕ್ಕೇ. ನಿಲ್ಲಲು ಹೆಚ್ಚು ಹೊತ್ತು ಸಿಕ್ಕಿದಷ್ಟೂ ಪೆಟ್ಟು ಕಡಿಮೆ.

ದೊಡ್ಡಣ್ಣನ ಮಾತು

ಅಷ್ಟು ಹೊತ್ತಿಗೆ ಜಗಲಿಯ ಮೂಲೆಯಲ್ಲಿ ಕೂತಿದ್ದ ದೊಡ್ಡಣ್ಣ ಮಾತಾಡಿದರು. ಊರಿನವರೆಲ್ಲ ಅವರನ್ನು ಹಾಗೆಯೇ ಕರೆಯುವುದು. ಮೊದಲು ಅವರು ಕೊನೆಗಾರರು. ಕಾಲಿಗೆ ತಳೆ ಹಾಕಿ ಮರ ಹತ್ತಿ, ಒಂದು ಮರವನ್ನು ಬಗ್ಗಿಸಿ ಇನ್ನೊಂದನ್ನು ಹಿಡಿದು ದಾಟುತ್ತಿದ್ದವರು. ಅವರೂ ಭಾನುವಾರ ನಮ್ಮ ಮನೆ ಜಗಲಿಯಲ್ಲಿ ನಿಂತು ಶಕ್ತಿಮಾನ್ ನೋಡಿದವರೇ. ಒಂದು ಮಳೆಗಾಲ ಕೊಳೆರೋಗಕ್ಕೆ ಬೋರ್ಡೋ ಹೊಡೆಯುವಾಗ ಪಾಚಿ ಹಿಡಿದ ಮರದಿಂದ ಜಾರಿ ಬಿದ್ದರು. ಸೊಂಟ ಮುರಿಯಿತು. ಈಗ ಕೋಲು ಹಿಡಿದು ನಡೆಯುತ್ತಾರೆ, ಅಡಿಕೆ ಸುಲಿಯುವ ಕಾಲಕ್ಕೆ ಬಂದು ಲೆಕ್ಕ ಬರೆಯುತ್ತಾರೆ.

“ನಾನು ಬಿದ್ದಾಗ ಬಂದವರು ನಾಲ್ಕು ಜನ. ಕಂಬಳಿಯಲ್ಲಿ ಹೊತ್ತುಕೊಂಡು ರಸ್ತೆವರೆಗೆ ಬಂದರು. ಅವರಲ್ಲಿ ಒಬ್ಬನಿಗೂ ಹಾರಲಿಕ್ಕೆ ಬರ್ತಿರಲಿಲ್ಲ. ಶಕ್ತಿಮಾನ್ ಒಳ್ಳೆಯವನೇ, ನನಗೂ ಇಷ್ಟ. ಆದರೆ ಬಿದ್ದ ಮೇಲೆ ಹಿಡಿಯುವವನಿಗಿಂತ ಬೀಳದ ಹಾಗೆ ಮಾಡುವವನು ದೊಡ್ಡವನು” ಎಂದರು.

ಯಾರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಮಾವ ಅಂಗಳದ ಕಡೆ ಕೈ ತೋರಿಸಿದರು. ಅಲ್ಲಿ ಗೋಡೆಗೆ ಒರಗಿಸಿದ್ದ ಹೊಸ ದೋಟಿ ಇತ್ತು. ಕಾರ್ಬನ್ ಫೈಬರ್ ದೋಟಿ. ಬೆಲೆ ಹೆಚ್ಚು, ಆದರೆ ಬಹಳ ಹಗುರ. ನೆಲದ ಮೇಲೆ ನಿಂತೇ 60 ಅಡಿಗೂ ಹೆಚ್ಚು ಎತ್ತರದ ಕೊನೆ ತೆಗೆಯಬಹುದು, ಔಷಧಿಯನ್ನೂ ಹೊಡೆಯಬಹುದು. ಇದೇ ಕಾರ್ಬನ್ ಫೈಬರನ್ನು ವಿಮಾನಕ್ಕೂ ಉಪಗ್ರಹಕ್ಕೂ ಬಳಸುತ್ತಾರೆ. “ನೋಡಿ ದೊಡ್ಡಣ್ಣ, ವ್ಯೋಮ್‌ನ ನೌಕೆಯ ಸಾಮಾನು ನಿಮ್ಮ ತೋಟಕ್ಕೇ ಬಂತು” ಎಂದರು ಮಾವ. ದೊಡ್ಡಣ್ಣ ನಕ್ಕರು. “ಹತ್ತು ವರ್ಷ ಮೊದಲೇ ಬರಬೇಕಿತ್ತು ಮಾರಾಯ” ಎಂದರು.

ನನ್ನ ಅಭಿಪ್ರಾಯ

ಕಥೆಯಲ್ಲಿ ಕಂಡದ್ದು ಎಲ್ಲವೂ ಸುಳ್ಳಾಗಿ ಉಳಿಯುವುದಿಲ್ಲ. ಕ್ಯಾಪ್ಟನ್ ವ್ಯೋಮ್ ಶುರುವಾದ 1998ರಲ್ಲೇ, ನವೆಂಬರ್ 20ರಂದು, ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಮೊದಲ ಭಾಗ ಮೇಲಕ್ಕೆ ಹೋಯಿತು. 2025ರ ಜೂನ್‌ನಲ್ಲಿ ಅದೇ ನಿಲ್ದಾಣಕ್ಕೆ ನಮ್ಮ ದೇಶದ ಗ್ರೂಪ್ ಕ್ಯಾಪ್ಟನ್ ಶುಭಾಂಶು ಶುಕ್ಲಾ ಹೋದರು. ಅಲ್ಲಿ ಅವರು ಯಾರ ಜೊತೆಗೂ ಹೊಡೆದಾಡಲಿಲ್ಲ. ಹೆಸರುಕಾಳು, ಮೆಂತೆ ಮೊಳಕೆ ಬರಿಸಿದರು! ಆ ಪ್ರಯೋಗದಲ್ಲಿ ನಮ್ಮ ಧಾರವಾಡದ ಕೃಷಿ ವಿಶ್ವವಿದ್ಯಾಲಯದವರ ಪಾಲಿದೆ. ಅಜ್ಜಿ ಇದನ್ನು ಕೇಳಿ “ಮೊಳಕೆ ಬರಿಸಲಿಕ್ಕೆ ಅಷ್ಟು ಮೇಲೆ ಹೋಗಬೇಕಾ?” ಎಂದರು. ತೂಕವೇ ಇಲ್ಲದ ಕಡೆ ಮೊಳಕೆ ಹೇಗೆ ಬರುತ್ತದೆ ಎಂದು ತಿಳಿಯಲು ಹೋಗಲೇಬೇಕು ಅಜ್ಜಿ.

ನನ್ನನ್ನು ಅಂಕ ಹಾಕಲು ಬಿಟ್ಟರೆ, ಜಗಲಿ ತುಂಬ ಜನರನ್ನು ಸೇರಿಸಿದ್ದಕ್ಕೂ ಒಳ್ಳೆಯ ನಡತೆ ಕಲಿಸಿದ್ದಕ್ಕೂ ಶಕ್ತಿಮಾನ್‌ಗೆ 60. ದೂರ ನೋಡಲು ಕಲಿಸಿದ್ದಕ್ಕೆ ವ್ಯೋಮ್‌ಗೂ 60. ಇಬ್ಬರೂ ಪ್ರಥಮ ದರ್ಜೆಯಲ್ಲಿ ಪಾಸು. ಉಳಿದ 40 ಅಂಕ ನೋಡುವವರ ಕೈಯಲ್ಲಿದೆ. ನೋಡಿ ನಂಬಿ ಸುಮ್ಮನಾದರೆ ಅದು ಸಿಗುವುದಿಲ್ಲ. ‘ಇದು ಹೇಗೆ?’ ಎಂದು ಒಬ್ಬರಿಗೊಬ್ಬರು ಕೇಳಿ, ಜಗಳವಾಡಿ, ಪುಸ್ತಕ ತೆಗೆದು ನೋಡಿದರೆ ಸಿಗುತ್ತದೆ. ಇಷ್ಟದ ಧಾರಾವಾಹಿಯ ತಪ್ಪು ಹುಡುಕಿದರೆ ಪ್ರೀತಿ ಕಡಿಮೆಯಾಗುತ್ತದೆ ಎಂದು ಕೆಲವರು ತಿಳಿದಿದ್ದಾರೆ. ಅಪ್ಪಯ್ಯನಿಗೆ ಕಡಿಮೆಯಾದದ್ದು ನಾನು ಕಾಣೆ. ಈಗಲೂ ಶಕ್ತಿಮಾನ್ ಸಂಗೀತ ಕೇಳಿದರೆ ಊಟ ಬಿಟ್ಟು ಏಳುತ್ತಾರೆ.

ಕೊನೆಯದಾಗಿ ಎರಡು ವಿನಂತಿ. ಗುರುಗಳಲ್ಲಿ: ಮುಂದಿನ ಚರ್ಚಾಸ್ಪರ್ಧೆಗೆ ಈ ವಿಷಯ ಇಡಿ, ಪರ ವಿರೋಧ ಎರಡಕ್ಕೂ ಜನ ಸಿದ್ಧರಿದ್ದೇವೆ. ಸಹಪಾಠಿಗಳಲ್ಲಿ: ತೋಟದಲ್ಲಿ ಹಾರುವ ಓತಿ ಕಂಡರೆ ಕಲ್ಲು ಹೊಡೆಯಬೇಡಿ. ನಿಂತು ನೋಡಿ, ಎಷ್ಟು ಮರ ದಾಟಿತು ಎಂದು ಎಣಿಸಿ ಬಂದು ಹೇಳಿ. ಮುಂದಿನ ಸಂಚಿಕೆಯಲ್ಲಿ ಬರೆಯೋಣ.

— 10ನೇ ತರಗತಿಯ ವಿದ್ಯಾರ್ಥಿನಿ